ಹದಿನೈದು ಗಜ

ಕ್ಯಾಡಿಗಳ ಶೆಡ್ಡಿನ ಗೋಡೆಗೆ ಅಂಟಿಸಿದ್ದ ಆ ಹಾಳೆಯನ್ನು ಟೇಪಣ್ಣ ನಿಂತು ಓದಿದ, ಕೂತು ಓದಿದ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದ. ಎಷ್ಟು ಸಲ ಓದಿದರೂ ಹಾಳೆ ತನ್ನ ಮಾತು ಬದಲಾಯಿಸಲಿಲ್ಲ. ಇನ್ನು ಮೂರು ತಿಂಗಳಿಗೆ ಈ ಗಾಲ್ಫ್ ಮೈದಾನದಲ್ಲಿ ಕ್ಯಾಡಿಗಳಿರುವುದಿಲ್ಲ. ಆಟಗಾರರ ಚೀಲ ಹೊರಲು ಬ್ಯಾಟರಿ ಗಾಡಿಗಳು ಬರುತ್ತವೆ. ಹಳಬರಲ್ಲಿ ಒಬ್ಬರಿಗೆ, ಒಬ್ಬರಿಗೆ ಮಾತ್ರ, ಸಹಾಯಕ ತರಬೇತುದಾರನ ಕೆಲಸ ಸಿಗುತ್ತದೆ. ಅದಕ್ಕೆ ಆಟದ ಪರೀಕ್ಷೆಯಲ್ಲಿ ಪಾಸಾಗಬೇಕು, ವಯಸ್ಸು ಐವತ್ತು ದಾಟಿರಬಾರದು.

ಟೇಪಣ್ಣನಿಗೆ ಆಗ ನಲವತ್ತೊಂಬತ್ತು ತುಂಬಿ ಎಂಟು ತಿಂಗಳು. ಪರೀಕ್ಷೆ ನಡೆಯುವುದು ಆರು ತಿಂಗಳಿಗೊಮ್ಮೆ, ಮುಂದಿನದಕ್ಕೆ ಇನ್ನು ಮೂರು ತಿಂಗಳು. ಲೆಕ್ಕ ಹಾಕಲು ದೊಡ್ಡ ಬುದ್ಧಿವಂತಿಕೆ ಬೇಕಿಲ್ಲ. ಮುಂದೆ ಬರುವುದೇ ಅವನ ಕೊನೆಯ ಪರೀಕ್ಷೆ.

ಅವನ ಹೆಸರು ಟೇಪಣ್ಣ ಅಲ್ಲ ಎಂದು ಬೇರೆ ಹೇಳಬೇಕೆ? ಹದಿನೆಂಟನೇ ವಯಸ್ಸಿಗೆ ಚೀಲ ಹೊರಲು ಬಂದವನು ಆರೇ ತಿಂಗಳಲ್ಲಿ ಆ ಹೆಸರು ಸಂಪಾದಿಸಿಬಿಟ್ಟ. ಹುಲ್ಲಿನ ಮೇಲೆ ನಿಂತು ದೂರದ ಬಾವುಟ ನೋಡಿ, ಕಣ್ಣು ಸ್ವಲ್ಪ ಕಿರಿದು ಮಾಡಿ, "ನೂರಾ ನಲವತ್ತೆರಡು ಗಜ ಸಾರ್" ಅನ್ನುತ್ತಿದ್ದ. ಅಳೆದರೆ ನೂರಾ ನಲವತ್ತೆರಡೇ. ಒಬ್ಬ ಸಾಹೇಬರು ದೂರ ಅಳೆಯುವ ದುಬಾರಿ ಯಂತ್ರ ತಂದಾಗ ಯಂತ್ರಕ್ಕೂ ಇವನಿಗೂ ಒಂದು ಗಜ ವ್ಯತ್ಯಾಸ ಬಂತು. ಆಮೇಲೆ ನೋಡಿದರೆ ಸಾಹೇಬರು ಬಾವುಟ ಬಿಟ್ಟು ಅದರ ಹಿಂದಿನ ಮರಕ್ಕೆ ಗುರಿ ಹಿಡಿದಿದ್ದರು. ಬಾವುಟದ ದೂರ ಒಂದೇ ಅಲ್ಲ, ಯಾವ ಸಾಹೇಬರ ಚೆಂಡು ಯಾವ ಕೋಲಿಗೆ ಎಷ್ಟು ಗಜ ಹೋಗುತ್ತದೆ ಅನ್ನುವುದೂ ಅವನಿಗೆ ಬಾಯಿಪಾಠ. ವೈದ್ಯರಿಗೆ ಕೆಮ್ಮು ಬಂದ ವಾರ ಅವರ ಚೆಂಡು ಎಂಟು ಗಜ ಕಡಿಮೆ ಬೀಳುತ್ತದೆ ಎಂದು ವೈದ್ಯರಿಗೇ ಹೇಳಿದ ಮನುಷ್ಯ.

ಆಡುವುದೂ ಅವನಿಗೆ ಬರುತ್ತಿತ್ತು, ಚೆನ್ನಾಗಿಯೇ. ಸೋಮವಾರ ಬೆಳಿಗ್ಗೆ ಕ್ಯಾಡಿಗಳು ಆಡಬಹುದೆಂಬ ನಿಯಮವಿತ್ತು. ಆದರೆ ಪರೀಕ್ಷೆಯೆಂದರೆ ಒಂದೇ ದಿನ ಎರಡು ಸುತ್ತು. ಬೆಳಿಗ್ಗೆ ಹದಿನೆಂಟು ಕುಳಿ, ಮಧ್ಯಾಹ್ನ ಮತ್ತೆ ಹದಿನೆಂಟು. ಎರಡೂ ಸೇರಿ ನೂರಾ ಐವತ್ತಾರು ಹೊಡೆತ ಮೀರಬಾರದು. ಎರಡು ಸಲ ಆಡಿ ನೋಡಿದ್ದ ಟೇಪಣ್ಣ. ಎರಡು ಸಲವೂ ಬೆಳಗಿನ ಸುತ್ತು ಹೂವೆತ್ತಿದ ಹಾಗೆ ಮುಗಿಸಿದರೂ ಮಧ್ಯಾಹ್ನ ಸೊಂಟ ಕೈಕೊಟ್ಟಿತ್ತು. ಎರಡನೇ ಸಲವಂತೂ ಒಂಬತ್ತನೇ ಕುಳಿಯಲ್ಲಿ ಬಗ್ಗಿದವನು ಬಗ್ಗಿಯೇ ಉಳಿದ. ಹುಲ್ಲು ಕತ್ತರಿಸುವ ಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ಅದನ್ನು ನೆನೆದರೆ ಇವತ್ತಿಗೂ ಅವನಿಗೆ ಕಿವಿ ಬಿಸಿಯಾಗುತ್ತದೆ.

ಆ ಹಾಳೆ ಓದಿದ ದಿನ ಮನೆಗೆ ಬಂದವನು ಚಪ್ಪಲಿ ಬಿಚ್ಚದೆ ಬಾಗಿಲ ಬಳಿಯೇ ಕೂತ. ಮನೆಯೆಂದರೆ ಮಹಡಿಯ ಮೇಲೆ ಎರಡು ಕೋಣೆ. ಒಂದರಲ್ಲಿ ಹೆಂಡತಿಯ ಹೊಲಿಗೆ ಯಂತ್ರ, ಪರದೆ ಬಟ್ಟೆಯ ಸುರುಳಿಗಳು. ಅವಳು ಮನೆಮನೆಗೆ ಹೋಗಿ ಕಿಟಕಿಗೆ ಪರದೆ ಹೊಲಿದುಕೊಡುವವಳು. ವಿಷಯ ಕೇಳಿ ಅವಳು ಯಂತ್ರ ನಿಲ್ಲಿಸಿದಳು.

"ಬೇರೆ ಕೆಲಸ ಸಿಗಲ್ವೇನ್ರೀ?"

"ಏನಂತ ಕೇಳ್ಲಿ? ಚೆಂಡು ಎಷ್ಟು ದೂರ ಹೋಗುತ್ತೆ ಅಂತ ಹೇಳೋನಿಗೆ ಯಾವನು ಕೆಲಸ ಕೊಡ್ತಾನೆ?"

ಕೇಳದೆಯೂ ಇರಲಿಲ್ಲ. ಆ ವಾರದಲ್ಲೇ ಒಂದು ಗೋದಾಮು, ಒಂದು ಶಾಲೆ, ಎರಡು ದೊಡ್ಡ ಕಟ್ಟಡಗಳ ಕಾವಲು ಕೆಲಸ, ಎಲ್ಲ ಕಡೆ ಹೋಗಿ ಬಂದ. ಎಲ್ಲರೂ ಮೊದಲು ವಯಸ್ಸು ಕೇಳಿದರು. ಆಮೇಲೆ ಅವನು ಕುರ್ಚಿಯಿಂದ ಏಳುವುದನ್ನು ನೋಡಿದರು. ಎರಡು ಕೈ ಊರಿ, ಹಲ್ಲು ಕಚ್ಚಿ, ಅರ್ಧಕ್ಕೆ ಒಮ್ಮೆ ನಿಂತು ಏಳುವವನನ್ನು ನೋಡಿದ ಮೇಲೆ "ಹೇಳಿ ಕಳಿಸ್ತೀವಿ" ಅಂದರು. ಹೇಳಿ ಕಳಿಸುವವರ ಮುಖ ಹೇಗಿರುತ್ತದೆ ಎಂದು ಅವನಿಗೆ ಗೊತ್ತಿಲ್ಲವೆ?

ಆಗ ಬಂದವಳು ನಾದಿನಿ. ಹೆಂಡತಿಯ ತಂಗಿ, ಎರಡು ಬೀದಿ ಆಚೆ ಇರುವವಳು. ಆಸ್ಪತ್ರೆಯೊಂದರಲ್ಲಿ ಮಂಡಿ ಆಪರೇಷನ್ ಆದವರನ್ನು ಮತ್ತೆ ನಡೆಸುವುದು, ಕೈಕಾಲಿಗೆ ವ್ಯಾಯಾಮ ಮಾಡಿಸುವುದು ಅವಳ ಕೆಲಸ. ಬಾಯಿ ಸ್ವಲ್ಪ ಜಾಸ್ತಿ, ಕೈ ಅದಕ್ಕಿಂತ ಚುರುಕು.

"ಭಾವ, ಶರ್ಟು ಬಿಚ್ಚಿ ಗೋಡೆಗೆ ಬೆನ್ನು ಕೊಟ್ಟು ನಿಂತ್ಕೊಳ್ಳಿ."

"ಏಯ್, ನಿಮ್ಮಕ್ಕನ ಎದುರಿಗೆ ಏನೇ ಇದು?"

"ಅಕ್ಕ ನೋಡದೇ ಇರೋದು ಏನಿದೆ ಅದ್ರಲ್ಲಿ? ನಿಂತ್ಕೊಳ್ಳಿ ಸುಮ್ನೆ."

ನಿಂತ. ಅವಳು ಪೆನ್ಸಿಲಿನಿಂದ ಗೋಡೆಯ ಮೇಲೆ ಎರಡು ಭುಜದ ಗುರುತು ಹಾಕಿದಳು. ಎಡಭುಜ ಎರಡು ಬೆರಳು ಕೆಳಗಿತ್ತು. "ಮೂವತ್ತು ವರ್ಷದ ಮೇಲೆ ಒಂದೇ ಭುಜಕ್ಕೆ ಚೀಲ ಹಾಕಿದ್ದೀರಲ್ಲ, ಬೆನ್ನು ಪಾಪ ಇನ್ನೇನು ಮಾಡುತ್ತೆ?" ಆಮೇಲೆ ಸ್ಟೂಲಿನ ಮೇಲೆ ಕೂರಿಸಿ, ಪೊರಕೆಯ ಕೋಲನ್ನು ಹೆಗಲ ಮೇಲೆ ಅಡ್ಡ ಇಟ್ಟು, ಕಾಲು ಅಲ್ಲಾಡಿಸದೆ ಬಲಕ್ಕೆ ತಿರುಗಲು ಹೇಳಿದಳು. "ಎದುರಿಗಿರೋ ಕಿಟಕಿ ಹನ್ನೆರಡು ಗಂಟೆ ಅಂತಿಟ್ಕೊಳ್ಳಿ. ಎರಡು ಗಂಟೆ ತನಕ ಹೋಗ್ಬೇಕು." ಟೇಪಣ್ಣ ಮುಕ್ಕಿರಿದ. ಕೋಲು ಒಂದು ಗಂಟೆಗೇ ನಿಂತಿತು. ನೆಲದ ಮೇಲೆ ಕೂತು ಕೈ ಊರದೆ ಏಳಿ ಅಂದಳು. ಅದನ್ನು ಇಲ್ಲಿ ಬರೆಯುವುದು ಬೇಡ, ಹೆಂಡತಿ ಕೂಡ ಆ ಕಡೆ ಮುಖ ತಿರುಗಿಸಿಕೊಂಡಳು.

"ಚೆಂಡು ಹೊಡೆಯೋದು ಕೈಯಲ್ಲ ಭಾವ," ಅಂದಳು ನಾದಿನಿ, ಈ ಸಲ ತಮಾಷೆಯಿಲ್ಲದೆ. "ಬಲ ಅಂಗಾಲಿಂದ ಹೊರಡುತ್ತೆ. ತೊಡೆ, ಸೊಂಟ, ಬೆನ್ನು ದಾಟಿ ಕೊನೇಲಿ ಕೈಗೆ ಬರುತ್ತೆ. ನಿಮ್ಮ ಸೊಂಟ ಬಾಗಿಲು ಹಾಕ್ಕೊಂಡು ಕೂತಿದೆ. ಕೈ ಒಂದೇ ಒದ್ದಾಡ್ತಾ ಇದೆ. ಮಧ್ಯಾಹ್ನ ಬೆನ್ನು ಹಿಡ್ಕೊಳ್ಳದೆ ಇನ್ನೇನಾಗುತ್ತೆ?"

"ಮೂರು ತಿಂಗಳಲ್ಲಿ ಸರಿ ಹೋಗುತ್ತಾ?"

"ನಾನು ಹೇಳಿದ್ದು ಮಾಡಿದ್ರೆ ಹೋಗುತ್ತೆ. ನಿಮ್ಮ ತಲೆ ಓಡಿಸಿದ್ರೆ ಇಲ್ಲ."

ಹೀಗೆ ಶುರುವಾಯಿತು. ಬೆಳಿಗ್ಗೆ ಐದಕ್ಕೆ ಮನೆಯ ಹಿಂದಿನ ಅಂಗಳದಲ್ಲಿ ಬಸ್ಕಿ. ಮೊದಲ ವಾರ ಕುರ್ಚಿ ಹಿಡಿದು, ಆಮೇಲೆ ಹಿಡಿಯದೆ, ಆಮೇಲೆ ಎದೆಗೆ ಮರಳಿನ ಚೀಲ ಅವುಚಿಕೊಂಡು. ಆ ಚೀಲಗಳನ್ನು ಹೆಂಡತಿಯೇ ದಪ್ಪ ಪರದೆ ಬಟ್ಟೆಯಲ್ಲಿ ಎರಡೆರಡು ಹೊಲಿಗೆ ಹಾಕಿ ಮಾಡಿಕೊಟ್ಟಳು. ಒಂದಕ್ಕೆ ಗುಲಾಬಿ ಹೂವಿನ ಬಟ್ಟೆ, ಅದು ಐದು ಕಿಲೋ. ಇನ್ನೊಂದಕ್ಕೆ ನೀಲಿ ಪಟ್ಟೆ, ಹತ್ತು ಕಿಲೋ. ಬೆನ್ನು ನೆಟ್ಟಗಿಟ್ಟು ಸೊಂಟದಿಂದ ಬಾಗಿ ನೀಲಿ ಚೀಲ ಎತ್ತುವುದು. ಗುಲಾಬಿ ಚೀಲವನ್ನು ಪಕ್ಕಕ್ಕೆ ತಿರುಗಿ ಗೋಡೆಗೆ ಎಸೆಯುವುದು. ಕಿಟಕಿ ಸರಳಿಗೆ ಸೈಕಲ್ ಟ್ಯೂಬು ಕಟ್ಟಿ ಎಳೆಯುವುದು. ಮೊಣಕೈ ಊರಿ ಹಲಗೆಯ ಹಾಗೆ ಮಲಗುವುದು. ಹಲ್ಲುಜ್ಜುವಾಗ ಒಂದೇ ಕಾಲಿನ ಮೇಲೆ ನಿಲ್ಲುವುದು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ರೀ, ನಿಮ್ಮ ಯಜಮಾನ್ರಿಗೆ ಶಾಲೇಲಿ ಮೇಷ್ಟ್ರು ಶಿಕ್ಷೆ ಕೊಟ್ಟಿದ್ದಾರಾ?" ಅಂದಳು. ಟೇಪಣ್ಣ ಬಸ್ಕಿಯ ಮಧ್ಯದಲ್ಲೇ ನಿಂತುಹೋದ. ಮೇಲೆ ಏಳಲು ಆಗಲಿಲ್ಲ ಎನ್ನುವುದು ಬೇರೆ ಮಾತು.

ಮೊದಲ ಮೂರು ವಾರ ನರಕ. ಮೆಟ್ಟಿಲು ಇಳಿಯಲು ಆಗದೆ ಹಿಂದುಮುಂದಾಗಿ ಇಳಿದ. ಚೀಲ ಹೊತ್ತು ಸಾಹೇಬರ ಹಿಂದೆ ನಡೆಯುವಾಗ ತೊಡೆ ಗಡಗಡ ನಡುಗುತ್ತಿತ್ತು. ನಾಲ್ಕನೇ ವಾರ ಅವನಿಗೆ ಭಯ ಹತ್ತಿಕೊಂಡಿತು. ದಿನಗಳು ಓಡುತ್ತಿವೆ, ಮೈ ಮಾತ್ರ ಇದ್ದಲ್ಲೇ ಇದೆ. ಯಾರಿಗೂ ಹೇಳದೆ ಎರಡೂ ಚೀಲ ಒಟ್ಟಿಗೆ ಎತ್ತಲು ಹೋದ. ಬೆನ್ನು ಕಟ್ಟೆಂದಿತು. ಆವತ್ತು ಅಂಗಳದಲ್ಲಿ ಅಂಗಾತ ಬಿದ್ದುಕೊಂಡು, ಆಕಾಶ ನೋಡುತ್ತ, ಟೇಪಣ್ಣ ಅತ್ತುಬಿಟ್ಟ. ನೋವಿಗೆ ಅಲ್ಲ. ಐವತ್ತರ ಹತ್ತಿರದ ಗಂಡಸು ಹೂವಿನ ಚೀಲ ಹೊತ್ತು ಕುಣಿಯುವುದು ಯಾವ ಸೌಭಾಗ್ಯಕ್ಕೆ ಎಂದು ಅತ್ತ. ನಾದಿನಿ ಬಂದವಳು ಮೊದಲು ಬಾಯಿಗೆ ಬಂದ ಹಾಗೆ ಬೈದಳು. ಆಮೇಲೆ ಬಿಸಿನೀರಿನ ಬ್ಯಾಗು ಇಟ್ಟಳು.

"ಸುಮ್ಮನಿರೋದೂ ಕಸರತ್ತೇ ಭಾವ. ನಾಲ್ಕು ದಿನ ಏನೂ ಮಾಡ್ಬೇಡಿ. ಮೈ ಬೆಳೆಯೋದು ಬಿಡುವಿನಲ್ಲಿ."

"ಮೈ ಬೆಳೆಯುತ್ತಂತೆ! ನನಗಿನ್ನು ಬೆಳೆಯೋದು ಬಿಳಿಕೂದಲು ಒಂದೇ ಕಣಮ್ಮ."

ಈ ಮಾತನ್ನು ಅವನು ನಗಿಸಲು ಆಡಿದ್ದಲ್ಲ. ತನ್ನ ಮೈ ಇನ್ನು ಸುಧಾರಿಸುತ್ತದೆ ಎಂಬ ನಂಬಿಕೆ ಅವನಿಗೆ ಎಳ್ಳಷ್ಟೂ ಇರಲಿಲ್ಲ. ಎರಡನೇ ಸುತ್ತಿನ ಕೊನೆಯ ತನಕ ಸೊಂಟ ಹಿಡಿಯದೆ ಇದ್ದರೆ ಸಾಕು, ಅಷ್ಟೇ ಅವನ ಆಸೆ. ಸರ್ವನಾಶ ಆಗಿದ್ದು ಇದರಿಂದಲೇ. ನಾನು ಮುಂದೆ ಹೇಳುವುದನ್ನು ಸ್ವಲ್ಪ ಗಮನವಿಟ್ಟು ಕೇಳಿ.

ಅಭ್ಯಾಸದ ಮೈದಾನದಲ್ಲಿ ಇಡುವ ಚೆಂಡುಗಳು ಸವೆದ ಚೆಂಡುಗಳು. ಅವು ಒಳ್ಳೆಯ ಚೆಂಡಿಗಿಂತ ಹದಿನೈದು ಗಜ ಹಿಂದೆಯೇ ಬೀಳುತ್ತವೆ. ಇದನ್ನು ಟೇಪಣ್ಣನೇ ಎಲ್ಲ ಸಾಹೇಬರಿಗೂ ಹೇಳುತ್ತಿದ್ದ: "ಇಲ್ಲಿ ಬಿದ್ದಿದ್ದಕ್ಕೆ ಹದಿನೈದು ಸೇರಿಸ್ಕೊಳ್ಳಿ ಸಾರ್." ಕಸರತ್ತು ಶುರು ಮಾಡುವ ಮೊದಲು ಅವನ ಏಳನೇ ನಂಬರ್ ಕೋಲಿನ ಚೆಂಡು ಅಲ್ಲಿ ನೂರಾ ಇಪ್ಪತ್ತೈದಕ್ಕೆ ಬೀಳುತ್ತಿತ್ತು. ಹದಿನೈದು ಸೇರಿಸಿದರೆ ನೂರಾ ನಲವತ್ತು. ಅದು ಅವನ ಹಳೆಯ ಅಳತೆ, ಹತ್ತು ವರ್ಷದ ಅಳತೆ. ಕಸರತ್ತು ಶುರುವಾದ ಮೇಲೆ ನಾದಿನಿ ಕೋಲು ಮುಟ್ಟಲು ಬಿಟ್ಟಿದ್ದು ಹನ್ನೊಂದನೇ ವಾರಕ್ಕೆ. ಹೋಗಿ ಹೊಡೆದ. ಚೆಂಡು ನೂರಾ ನಲವತ್ತರ ಹಲಗೆಯ ಪಕ್ಕದಲ್ಲೇ ಬಿತ್ತು. ಇನ್ನೊಂದು ಹೊಡೆದ. ಅಲ್ಲೇ. ಕೈಗೆ ಚೆಂಡು ಎತ್ತಿಕೊಂಡು ನೋಡಿದ. ಬೆಳ್ಳಗಿತ್ತು. ಹಿಂದಿನ ದಿನವಷ್ಟೇ ಚೆಂಡಿನ ಮೂಟೆ ಇಳಿಸಿದ್ದನ್ನು ಅವನೇ ನೋಡಿದ್ದ. "ಓ, ಹೊಸ ಚೆಂಡು ತರಿಸಿದ್ದಾರೆ," ಅಂದುಕೊಂಡ. ಹೊಸ ಚೆಂಡಿಗೆ ಹದಿನೈದು ಸೇರಿಸುವ ಹಾಗಿಲ್ಲವಲ್ಲ. ನೂರಾ ನಲವತ್ತು ಅಂದರೆ ನೂರಾ ನಲವತ್ತೇ.

ಹೊಸ ಚೆಂಡೂ ಇಲ್ಲ, ಮಣ್ಣೂ ಇಲ್ಲ! ಹಳೆಯ ಚೆಂಡುಗಳನ್ನೇ ಸೋಪು ಹಾಕಿ ತೊಳೆಸಿ ತಂದಿದ್ದರು. ಹೊಸದಾಗಿದ್ದು ಅವನ ಸೊಂಟ, ಅವನ ತೊಡೆ. ಅದನ್ನು ಬಿಟ್ಟು ಲೋಕದಲ್ಲಿ ಬೇರೆ ಎಲ್ಲವನ್ನೂ ನಂಬಲು ಅವನು ತಯಾರಿದ್ದ. ನಾದಿನಿ ಫೋನಿನಲ್ಲಿ "ಈಗ ಮುಂಚೆಗಿಂತ ದೂರ ಹೋಗ್ತಿರ್ಬೇಕಲ್ಲ ಭಾವ?" ಎಂದು ಕೇಳಿದಾಗ ನಕ್ಕುಬಿಟ್ಟ. "ಅಳತೆ ವಿಷಯ ನನಗೆ ಬಿಡು. ನೀನು ಬೆನ್ನು ನೋಡ್ಕೋ." ಸೋಮವಾರ ಮೈದಾನಕ್ಕಿಳಿದು ಆಡಿದ್ದರೆ ತಿಳಿಯುತ್ತಿತ್ತೋ ಏನೋ. ಗಾಡಿಗಳಿಗೆ ದಾರಿ ಹಾಕುವ ನೆಪದಲ್ಲಿ ಆ ತಿಂಗಳೆಲ್ಲ ಸೋಮವಾರದ ಆಟ ಬಂದ್ ಆಗಿತ್ತು.

ಪರೀಕ್ಷೆಯ ದಿನ ಬಂತು. ಬೇರೆ ಊರುಗಳ ಮೈದಾನಗಳಿಂದ ಇದೇ ಪರೀಕ್ಷೆಗೆ ಬಂದವರು ಅವನ ಗೆಳೆಯ ಕ್ಯಾಡಿಗಳನ್ನೆಲ್ಲ ಮೊದಲೇ ಗೊತ್ತು ಮಾಡಿಕೊಂಡಿದ್ದರು. ಟೇಪಣ್ಣನ ಚೀಲ ಹೊರಲು ಯಾರೂ ಉಳಿದಿರಲಿಲ್ಲ. ಹೆಂಡತಿ, "ನಾನಿದ್ದೀನಲ್ಲ, ಪರದೆ ಬಟ್ಟೆ ಮೂಟೆಗಿಂತ ಭಾರ ಇರುತ್ತಾ ಅದು?" ಎಂದು ಹೊರಟಳು. ಗಂಡ ಮೂರು ದಶಕ ನಡೆದಾಡಿದ ಹುಲ್ಲಿನ ಮೇಲೆ ಅವಳು ಕಾಲಿಟ್ಟದ್ದು ಅದೇ ಮೊದಲು. ಜೊತೆಗೆ ಆಡಲು ಒಬ್ಬ ಕನ್ನಡಕದ ಆಟಗಾರ, ಹಿಂದೆ ಹೊಡೆತ ಬರೆಯುವ ಚೀಟಿ ಹಿಡಿದ ಪರೀಕ್ಷಕರು.

ಮೊದಲ ಕುಳಿ. ಬಾವುಟಕ್ಕೆ ಸರಿಯಾಗಿ ನೂರಾ ನಲವತ್ತು. ಏಳನೇ ನಂಬರ್ ಕೋಲು ತೆಗೆದ, ಹೊಡೆದ. ಮೈ ಎಷ್ಟು ಹಗುರವಾಗಿ ತಿರುಗಿತೆಂದರೆ ಅವನಿಗೇ ಆಶ್ಚರ್ಯ. ಚೆಂಡು ಬಾವುಟದ ಮೇಲೆಯೇ ಹೋಯಿತು. ಅದನ್ನು ದಾಟಿ ಹೋಯಿತು. ಕುಳಿಯ ಸುತ್ತಲಿನ ನುಣುಪು ಹುಲ್ಲು, ಅಂದರೆ ಗ್ರೀನು, ಅದರ ಆಚೆಯ ಮರಳಿನ ಗುಂಡಿಗೆ ಹೋಗಿ ಬಿತ್ತು. "ಹೆದರಿಕೆಯ ಕೈ, ಬಿಗಿಯಾಯ್ತು," ಅಂದುಕೊಂಡ. ಆರು ಹೊಡೆತ. ಎರಡನೇ ಕುಳಿಯಲ್ಲೂ ಚೆಂಡು ಆಚೆ ಬಿತ್ತು. "ಹಿಂದಿನಿಂದ ಗಾಳಿ." ಮೂರನೆಯದರಲ್ಲಿ ಮರದ ಬುಡಕ್ಕೆ. "ನೆಲ ಒಣಗಿದೆ, ಪುಟಿಯುತ್ತೆ." ಪ್ರತಿ ಸಲವೂ ಒಂದು ಕಾರಣ ಸಿಗುತ್ತಿತ್ತು. ಕಾರಣ ಹುಡುಕುವುದರಲ್ಲಿ ಅವನನ್ನು ಮೀರಿಸುವವರು ಯಾರು? ಮೂವತ್ತು ವರ್ಷ ಸಾಹೇಬರಿಗೆಲ್ಲ ಸಮಾಧಾನ ಹೇಳಿದ ಬಾಯಿ ಅದು.

ನಾಲ್ಕನೇ ಕುಳಿಯಲ್ಲಿ ಅವನು ಕೋಲಿಗೆ ಕೈ ಹಾಕುವಾಗ ಹೆಂಡತಿ ಮೆಲ್ಲಗೆ ಅಂದಳು: "ರೀ, ಎಲ್ಲಾ ಆ ಕಡೆ ಬೀಳ್ತಾ ಇದೆ. ಸ್ವಲ್ಪ ಕಡಿಮೆ ಹೋಗೋ ಕೋಲು ತಗೊಳ್ಳಬಾರದಾ?"

ಜೊತೆಯ ಆಟಗಾರ ತಿರುಗಿ ನೋಡಿದ. ಪರೀಕ್ಷಕರೂ ನೋಡಿದರು. ಟೇಪಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಈ ಮೈದಾನದಲ್ಲಿ ಅವನಿಗೆ, ಅವನಿಗೆ, ಅಳತೆ ಹೇಳುವುದೆ!

"ನಿನಗೇನೇ ಗೊತ್ತು? ಬಾಯಿ ಮುಚ್ಕೊಂಡು ಚೀಲ ಹೊತ್ಕೊಂಡು ಬಾ!"

ಅವಳು ಬಾಯಿ ಮುಚ್ಚಿಕೊಂಡಳು. ಅಲ್ಲಿಂದ ಊಟದ ಹೊತ್ತಿನ ತನಕ ತುಟಿ ಬಿಚ್ಚಲಿಲ್ಲ. ಅವನು ಅದೇ ಕೋಲು ಹಿಡಿದು ಮೆಲ್ಲಗೆ ಹೊಡೆಯಲು ಹೋದ. ಮೆಲ್ಲಗೆ ಹೊಡೆದರೆ ಚೆಂಡು ಹಾಳಾಗುತ್ತದೆ ಎಂದು ಸಾವಿರ ಸಲ ಹೇಳಿದವನು ಅವನೇ. ಒಂದು ನೀರಿಗೆ ಹೋಯಿತು, ಒಂದು ಮಾರು ದೂರಕ್ಕೆ ಕುಪ್ಪಳಿಸಿ ನಿಂತಿತು. ಮತ್ತೆ ಜೋರಾಗಿ ಹೊಡೆದರೆ ಮತ್ತೆ ಆಚೆ. ಮೈದಾನ ತನಗೆ ಸುಳ್ಳು ಹೇಳುತ್ತಿದೆ ಅನ್ನಿಸಿತು. ಅಂಗೈಯಷ್ಟು ಗುರುತಿದ್ದ ಜಾಗ, ಪ್ರತಿ ಮರ, ಪ್ರತಿ ಉಬ್ಬು ಗೊತ್ತಿದ್ದ ಜಾಗ, ಇವತ್ತು ಯಾವುದೂ ತನ್ನ ಜಾಗದಲ್ಲಿಲ್ಲ. ಕಣ್ಣು ಹೋಯಿತೇ? ಕಣ್ಣೇ ಹೋದರೆ ತನ್ನಲ್ಲಿ ಇನ್ನೇನು ಉಳಿಯಿತು?

ಹದಿನೆಂಟು ಕುಳಿ ಮುಗಿದಾಗ ಎಂಬತ್ತೈದು ಹೊಡೆತ.

ನಲ್ಲಿಯ ಹಿಂದಿನ ಬೆಂಚಿನ ಮೇಲೆ ಕೂತ. ಬುತ್ತಿಯ ಡಬ್ಬಿ ತೆಗೆಯಲೇ ಇಲ್ಲ. ಮಧ್ಯಾಹ್ನ ಎಪ್ಪತ್ತೊಂದರಲ್ಲಿ ಮುಗಿಸಬೇಕು. ಎಪ್ಪತ್ತೊಂದನ್ನು ಅವನು ಹುಟ್ಟಿದಾಗಿನಿಂದ ಆಡಿಲ್ಲ. "ನಡಿ ಹೋಗೋಣ ಮನೆಗೆ," ಅಂದ. ಹೆಂಡತಿ ಏಳಲಿಲ್ಲ. ಸೊಂಟದಿಂದ ಸಣ್ಣ ಪುಸ್ತಕ ತೆಗೆದಳು, ಕಿಟಕಿಗಳ ಅಳತೆ ಬರೆದುಕೊಳ್ಳುವ ಪುಸ್ತಕ. ಒಂದು ಪುಟ ತೆರೆದು ಅವನ ತೊಡೆಯ ಮೇಲಿಟ್ಟಳು.

ಪೆನ್ಸಿಲಿನಲ್ಲಿ ಅಂಕಿಗಳು. ಇಪ್ಪತ್ತು. ಇಪ್ಪತ್ತು. ಹತ್ತೊಂಬತ್ತು. ಇಪ್ಪತ್ತೊಂದು. ಇಪ್ಪತ್ತು. ಅವನು ನೆಟ್ಟಗೆ ಹೊಡೆದ ಪ್ರತಿ ಚೆಂಡಿಗೂ ಬಾವುಟದಿಂದ ಚೆಂಡು ಬಿದ್ದ ಗುರುತಿನ ತನಕ ಅವಳು ಹೆಜ್ಜೆ ಹಾಕಿ ಎಣಿಸಿದ್ದಳು. ಅವಳ ಹೆಜ್ಜೆ ಎರಡೂಕಾಲು ಅಡಿ, ಅದು ಅವನಿಗೆ ಗೊತ್ತು. ಇಪ್ಪತ್ತು ಹೆಜ್ಜೆಯೆಂದರೆ ಹದಿನೈದು ಗಜ. ಗಾಳಿಯಾಗಿದ್ದರೆ ಒಂದೊಂದು ಕಡೆ ಒಂದೊಂದು ಥರ ಇರಬೇಕು. ಎಲ್ಲ ಕಡೆ ಹದಿನೈದೇ. ಗಾಳಿಯಲ್ಲ, ನೆಲವಲ್ಲ, ಕಣ್ಣಂತೂ ಅಲ್ಲವೇ ಅಲ್ಲ. ಹೊಸ ಚೆಂಡು ಅಂದುಕೊಂಡಿದ್ದೂ...

"ಅಯ್ಯೋ ನನ್ನ ಕರ್ಮವೇ," ಅಂದ ಟೇಪಣ್ಣ. "ನಾನು ಕಣೇ. ನಾನೇ ದೂರ ಹೊಡೀತಾ ಇದ್ದೀನಿ!"

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹನ್ನೆರಡು ವಾರದ ಬೆವರು ಫಲ ಕೊಟ್ಟಿತ್ತು. ಫಲವನ್ನು ಅವನೇ ಕಾಲಲ್ಲಿ ಒದ್ದಿದ್ದ.

ಮಧ್ಯಾಹ್ನದ ಸುತ್ತಿನ ಬಗ್ಗೆ ಆ ಮೈದಾನದಲ್ಲಿ ಕ್ಯಾಡಿಗಳಾಗಿದ್ದವರು ಇವತ್ತಿಗೂ ಮಾತಾಡುತ್ತಾರೆ. ಪ್ರತಿ ಹೊಡೆತಕ್ಕೂ ಒಂದು ನಂಬರ್ ಹೆಚ್ಚಿನ, ಅಂದರೆ ಕಡಿಮೆ ದೂರ ಹೋಗುವ ಕೋಲು. ಏಳರ ಜಾಗಕ್ಕೆ ಎಂಟು, ಎಂಟರ ಜಾಗಕ್ಕೆ ಒಂಬತ್ತು. ಚೆಂಡು ಹೇಳಿದ ಕಡೆ ಹೋಗಿ ಕೂರುತ್ತಿತ್ತು. ಜೊತೆಯ ಆಟಗಾರ ತನ್ನ ಆಟ ಬಿಟ್ಟು ಇವನದನ್ನೇ ನೋಡತೊಡಗಿದ. ಹಿಂದಿನ ಸಲ ಬಗ್ಗಿದವನು ಬಗ್ಗಿಯೇ ಉಳಿದ ಒಂಬತ್ತನೇ ಕುಳಿ ಬಂತು, ಹೋಯಿತು. ಸೊಂಟ ಉಸಿರೆತ್ತಲಿಲ್ಲ. ಹದಿಮೂರು, ಹದಿನಾಲ್ಕು. ಉಳಿದವರೆಲ್ಲ ಕಾಲೆಳೆಯುತ್ತಿದ್ದರೆ ಈ ನಲವತ್ತೊಂಬತ್ತರ ಮುದುಕ ಏರು ಹತ್ತಿ ಮೇಲೆ ನಿಂತು ಕಾಯುತ್ತಿದ್ದ. ಆದರೆ ಒಳಗೆ ಒಂದು ಲೆಕ್ಕ ಅವನನ್ನು ಹಿಂಡುತ್ತಿತ್ತು. ಒಂದೂ ಕಳೆಯುವ ಹಾಗಿಲ್ಲ. ಬೆಳಿಗ್ಗೆ ಎಸೆದು ಬಂದದ್ದನ್ನೆಲ್ಲ ಒಂದೊಂದಾಗಿ ಆರಿಸಿ ತರಬೇಕು. ಹೆಂಡತಿ ಚೀಲ ಹೊತ್ತು ಒಂದು ಹೆಜ್ಜೆ ಹಿಂದೆ ಬರುತ್ತಿದ್ದಳು. ಮಾತಾಡಿದರೆ ಎಲ್ಲಿ ಕೆಡುತ್ತದೋ ಎಂಬ ಹೆದರಿಕೆ ಇಬ್ಬರಿಗೂ.

ಕೊನೆಯ ಕುಳಿಗೆ ಬಂದಾಗ ಮೂರರಲ್ಲಿ ಮುಗಿಸಿದರೆ ಪಾಸು, ನಾಲ್ಕಾದರೆ ಮುಗಿಯಿತು. ಮೊದಲ ಹೊಡೆತ ದಾರಿಯ ನಡುಮಧ್ಯಕ್ಕೆ. ಎರಡನೆಯದು ಕುಳಿಯಿಂದ ಹತ್ತು ಅಡಿಗೆ. ಗ್ರೀನಿನ ಸುತ್ತ ಕ್ಯಾಡಿಗಳೆಲ್ಲ ಸೇರಿದ್ದರು. ಟೇಪಣ್ಣ ಬಗ್ಗಿ ಹುಲ್ಲಿನ ಓಟ ನೋಡಿದ. ಬಲದಿಂದ ಎಡಕ್ಕೆ ಒಂದು ಬೆರಳು. ಉಸಿರು ಬಿಟ್ಟು ಚೆಂಡನ್ನು ತಳ್ಳಿದ. ಸರಿಯಾಗಿಯೇ ತಳ್ಳಿದ, ನೋಡಿದವರು ಯಾರೂ ತಪ್ಪು ಹೇಳುವ ಹಾಗಿರಲಿಲ್ಲ. ಚೆಂಡು ಉರುಳಿತು, ಉರುಳಿತು, ಕುಳಿಯ ಎಡ ಅಂಚನ್ನು ಸವರಿಕೊಂಡು ಹೋಗಿ ಅರ್ಧ ಗೇಣು ಆಚೆ ನಿಂತಿತು.

ಎಪ್ಪತ್ತೆರಡು. ಒಟ್ಟು ನೂರಾ ಐವತ್ತೇಳು.

ಪರೀಕ್ಷಕರು ಎರಡು ಸಲ ಕೂಡಿಸಿ ನೋಡಿದರು. ಮೂರನೇ ಸಲವೂ ಕೂಡಿಸಿದರು, ಪಾಪ, ಅವರಿಗೂ ಮನಸ್ಸು ಬರಲಿಲ್ಲ. "ಒಂದೇ ಒಂದು," ಅಂದರು, ಅವನ ಕೈ ಹಿಡಿದುಕೊಂಡು. "ಇಂಥ ಸುತ್ತು ನಾನು ನೋಡಿ ಎಷ್ಟೋ ವರ್ಷ ಆಯ್ತು. ಆರು ತಿಂಗಳು ಬಿಟ್ಟು ಮತ್ತೆ ಬನ್ನಿ, ಕಣ್ಣು ಮುಚ್ಚಿ ಪಾಸಾಗ್ತೀರಿ." ಪಕ್ಕದಲ್ಲಿ ನಿಂತಿದ್ದ ಕ್ಲಬ್ಬಿನ ಸೆಕ್ರೆಟರಿ ಅವರ ಕಿವಿಯಲ್ಲಿ ಏನೋ ಹೇಳಿದರು. ವಯಸ್ಸಿನ ವಿಷಯವೇ ಇರಬೇಕು. ಪರೀಕ್ಷಕರು ಕೈ ಬಿಟ್ಟು, ಚೀಟಿ ಮಡಿಸಿ ಜೇಬಿಗಿಟ್ಟುಕೊಂಡರು.

ನಲ್ಲಿಯ ಹಿಂದಿನ ಬೆಂಚಿನಲ್ಲಿ ಗಂಡ ಹೆಂಡತಿ ಕೂತರು. ಕ್ಯಾಡಿಗಳು ದೂರದಲ್ಲೇ ನಿಂತರು, ಹತ್ತಿರ ಬರಲು ಯಾರಿಗೂ ಧೈರ್ಯವಾಗಲಿಲ್ಲ. ಟೇಪಣ್ಣನಿಗೆ ಎಲ್ಲೂ ನೋಯುತ್ತಿರಲಿಲ್ಲ. ಮೂವತ್ತಾರು ಕುಳಿ ಆಡಿದ ಮೈ ಇನ್ನೊಂದು ಸುತ್ತಿಗೂ ತಯಾರಿತ್ತು. ಅದೇ ಅವನ ಹೊಟ್ಟೆ ಉರಿಸಿತು. ಇಷ್ಟು ಗಟ್ಟಿಯಾದ ಮೈಯನ್ನು ಇನ್ನು ಎಲ್ಲಿಗೆ ಒಯ್ಯುವುದು?

"ಬೈಯೇ," ಅಂದ.

ಅವಳು ಚೀಲದ ಪಟ್ಟಿ ಸರಿ ಮಾಡಿದಳು.

"ಬಾಯಿಗೆ ಬಂದ ಹಾಗೆ ಬೈ ನನಗೆ. ನಾಲ್ಕನೇ ಕುಳೀಲೇ ಹೇಳಿದ್ದೆ ನೀನು. ಎಲ್ಲರೆದುರಿಗೆ ನಿನ್ನ ಬಾಯಿ ಮುಚ್ಚಿಸಿದೆ. ಆವಾಗ ನಿನ್ನ ಮಾತು ಕೇಳಿದ್ರೆ, ಇನ್ನೊಂದು ಸಲ ನೀನು ಹೇಳಿದ್ರೆ... ಯಾಕೆ ಹೇಳ್ಲಿಲ್ಲ? ಅಷ್ಟು ಬೇಜಾರಾಯ್ತಾ ನಾನು ಕೂಗಿದ್ದು?"

ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೋ ಕಣ್ಣೀರೋ, ಎರಡೂ ಇತ್ತು.

"ನೀವು ಕೂಗಿದ್ದಕ್ಕೆ ನಾನು ಯಾವತ್ತು ಸುಮ್ಮನಿದ್ದೀನಿ? ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಒಂದು ದಿನ ಸುಮ್ಮನಿದ್ದೀನಾ ಹೇಳಿ," ಅಂದಳು. "ಕಿಟಕಿಗೆ ಬಟ್ಟೆ ಕತ್ತರಿಸುವಾಗ ನೀವು ರಸ್ತೇಲಿ ನಿಂತು ಏಳೂಕಾಲು ಅಡಿ ಅಂದ್ರೆ ನಾನು ಏಳೂಕಾಲಕ್ಕೇ ಕತ್ತರಿ ಹಾಕಿದ್ದೀನಿ, ಟೇಪು ಹಿಡಿದಿಲ್ಲ. ನಿಮ್ಮ ಅಳತೆ ತಪ್ಪಿದ್ದು ನಾನು ಕಂಡಿಲ್ಲ ಕಣ್ರೀ. ಐದನೇ ಕುಳಿಗೇ ಇಪ್ಪತ್ತು ಹೆಜ್ಜೆ ಅಂತ ನನಗೆ ಗೊತ್ತಾಯ್ತು. ನನ್ನ ಹೆಜ್ಜೆಯೇ ತಪ್ಪಾಗಿರಬೇಕು ಅಂದ್ಕೊಂಡು ಪ್ರತಿ ಸಲ ಮತ್ತೆ ಮತ್ತೆ ಎಣಿಸಿದೆ. ಹದಿನೆಂಟೂ ಮುಗಿಯೋ ತನಕ ಎಣಿಸ್ತಾನೇ ಇದ್ದೆ."

ಟೇಪಣ್ಣ ಅವಳ ಕೈ ಹುಡುಕಿ ಹಿಡಿದುಕೊಂಡ, ಅಲ್ಲಿಂದ ಎದ್ದು ಹೋಗುವ ತನಕ ಬಿಡಲಿಲ್ಲ.